ಅರ್ಜಿಯಲ್ಲಿ ಇಲ್ಲದ ಹೆಸರು

ಯಲ್ಲವ್ವ ಗ್ಯಾಸ್ ಸಿಲಿಂಡರನ್ನು ತೂಕ ಮಾಡಿಸದೆ ಮನೆಯೊಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಗಾಡಿಯವನು ಗೊಣಗುತ್ತ ನಿಂತಿರುವಾಗಲೇ ಅದನ್ನು ಉರುಳಿಸಿಕೊಂಡು ಗುಜರಿ ಅಂಗಡಿಯ ತಕ್ಕಡಿಗೆ ಒಯ್ಯುತ್ತಿದ್ದಳು. ಡಾಕ್ಟರು ಗುಳಿಗೆ ಬರೆದುಕೊಟ್ಟರೆ ಎರಡು ಬೇರೆ ಬೇರೆ ಔಷಧ ಅಂಗಡಿಗಳಲ್ಲಿ ಚೀಟಿ ಓದಿಸಿ, ಇಬ್ಬರೂ ಒಂದೇ ಹೆಸರು ಹೇಳಿದರೆ ಮಾತ್ರ ಕೊಳ್ಳುತ್ತಿದ್ದಳು. ಗೋವಾದ ವೆರ್ಣಾದ ಔಷಧ ಕಾರ್ಖಾನೆಯೊಂದರಲ್ಲಿ ಗುಳಿಗೆ ಪಟ್ಟಿಗಳನ್ನು ಡಬ್ಬಿಗೆ ತುಂಬುವುದು ಅವಳ ಕೆಲಸ. ನಾನು ಅಲ್ಲೇ ಉಗ್ರಾಣದ ಗುಮಾಸ್ತ. ಕಂಪನಿ ಬಸ್ಸಿನಲ್ಲಿ ಅವಳ ಹಿಂದಿನ ಸೀಟು ನನ್ನದು. ಏಳು ವರ್ಷ ಹಾಗೆ ಕೂತು ಓಡಾಡಿದ್ದೇವೆ. ಅವಳು ತಿರುಗಿ ತಿರುಗಿ ಹೇಳಿದ್ದನ್ನೂ, ಆಮೇಲೆ ಅವಳ ಪಕ್ಕದ ಮನೆಯ ಹುಡುಗಿ ಶ್ವೇತಾ ಹೇಳಿದ್ದನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಯಲ್ಲವ್ವ ಹುಟ್ಟಿನಿಂದಲೇ ಹೀಗಿದ್ದವಳಲ್ಲ. ಹುನಗುಂದ ಕಡೆಯಿಂದ ಗಂಡನ ಜೊತೆ ಗೋವಾಕ್ಕೆ ಬಂದಾಗ ಅವಳಿಗೆ ಹತ್ತೊಂಬತ್ತು ವರ್ಷ. ಕಟ್ಟಡಗಳಿಗೆ ಜಲ್ಲಿ ಹೊತ್ತಳು. ಗಂಡ ಕಾಮಾಲೆಯಲ್ಲಿ ತೀರಿಕೊಂಡ ಮೇಲೂ ಊರಿಗೆ ಹೋಗಲಿಲ್ಲ. ಮಕ್ಕಳಿರಲಿಲ್ಲ, ಅಲ್ಲಿ ಕಾಯುವವರೂ ಇರಲಿಲ್ಲ. ಎರಡು ಸಾವಿರದ ಒಂದರಲ್ಲಿ ಅವಳಿದ್ದ, ಕೂಲಿಯವರು ಮನೆ ಕಟ್ಟಿಕೊಂಡಿದ್ದ ಗುಡ್ಡದ ವಸ್ತಿಗೆ ಒಬ್ಬ ಬಂದ. ನಮ್ಮ ಕಡೆಯವನೇ, ಚೆನ್ನಾಗಿ ಕನ್ನಡ ಮಾತಾಡುವವನು. ವಾರಕ್ಕೆ ಐವತ್ತು ರೂಪಾಯಿ ಕಟ್ಟಿದರೆ ಮೂರು ವರ್ಷಕ್ಕೆ ಬಂಗಾರದ ಸರ ಎಂದು ಲಕ್ಷ್ಮಿಯ ಚಿತ್ರವಿರುವ ಕಾರ್ಡು ಕೊಟ್ಟ. ಯಲ್ಲವ್ವ ತಾನು ಸೇರಿದ್ದಲ್ಲದೆ ಇನ್ನೂ ಹನ್ನೊಂದು ಹೆಂಗಸರನ್ನು ಸೇರಿಸಿದಳು. ಮೂರನೆಯ ವರ್ಷ ಸರ ಕೇಳಲು ಹೋದರೆ ಅವನ ಆಫೀಸಿದ್ದ ಕೋಣೆಯಲ್ಲಿ ಕ್ಷೌರದಂಗಡಿ ನಡೆಯುತ್ತಿತ್ತು. ಹನ್ನೊಂದು ಹೆಂಗಸರಲ್ಲಿ ಒಬ್ಬಳೂ ಅವಳನ್ನು ಬೈಯಲಿಲ್ಲ. ಅದನ್ನೇ ಅವಳಿಗೆ ತಡೆದುಕೊಳ್ಳಲು ಆಗಲಿಲ್ಲ.

ಆಮೇಲೆ ವಸ್ತಿಯ ಇಪ್ಪತ್ತು ಹೆಂಗಸರು ತಮ್ಮತಮ್ಮಲ್ಲೇ ಭಿಶಿ ಶುರುಮಾಡಿದರು. ತಿಂಗಳಿಗೊಮ್ಮೆ ಎಲ್ಲರೂ ಐನೂರು ಹಾಕುವುದು, ಸರದಿ ಬಂದವಳು ಪೂರ್ತಿ ಹಣ ಎತ್ತುವುದು. ಪೆಟ್ಟಿಗೆಯ ಕೀಲಿ ಯಾರ ಹತ್ತಿರ ಎಂಬ ಪ್ರಶ್ನೆ ಬಂದಾಗ, ಪಕ್ಕದ ಸಾಲಿನ ಹೊಲಿಗೆಯ ಸಕೀನಾ, "ಯಲ್ಲಕ್ಕನ ಕಡೆ ಇರ್ಲಿ. ಆಕಿ ತನ್ನ ನೆರಳನ್ನೂ ನಂಬಂಗಿಲ್ಲ" ಎಂದಳು. ಎಲ್ಲರೂ ನಕ್ಕರು, ಒಪ್ಪಿದರು.

ಭಿಶಿಯ ಪುಸ್ತಕ ಬರೆಯುತ್ತಿದ್ದವಳು ಶ್ವೇತಾ. ಯಲ್ಲವ್ವನ ಗೋಡೆಗೆ ಗೋಡೆ ಹೊಂದಿದ ಮನೆಯ ಗೌಂಡಿ ಕಂಠೆಪ್ಪನ ಮಗಳು. ಮಡಗಾಂವದ ಕಾಲೇಜಿನಲ್ಲಿ ಬಿ.ಕಾಂ. ಎರಡನೆಯ ವರ್ಷ. ಆ ಸಾಲಿನಲ್ಲಿ ಕಾಲೇಜಿನ ಮುಖ ಕಂಡವಳು ಅವಳೊಬ್ಬಳೇ. 2009ರ ಕಾರ್ನಿವಾಲ್ ಮುಗಿದ ವಾರ ಅವಳು ಯಲ್ಲವ್ವನ ಹೊಸ್ತಿಲಲ್ಲಿ ಕೂತು ಒಂದು ಮಾತು ತೆಗೆದಳು.

"ಚಿಗವ್ವ, ಬರೂ ತಿಂಗಳ ಭಿಶಿ ರೊಕ್ಕ ನಮಗ ಕೊಡಸ್ತೀಯೇನು?"

"ನಮಗ ಅಂದ್ರ ಯಾರಿಗೆ?"

"ನಂಗ, ನನ್ನ ಗೆಳತ್ಯಾರಿಗೆ. ಕಾಲೇಜಿನ್ಯಾಗ ಒಂದ ಧಂದೆ ಚಾಲೂ ಮಾಡಾಕತ್ತೇವಿ."

ಶ್ವೇತಾ ವಿವರಿಸಿದಳು. ಕಾರ್ನಿವಾಲ್‌ಗೆ ಊರ ತುಂಬ ಕಟ್ಟಿದ ಫ್ಲೆಕ್ಸ್ ಬ್ಯಾನರುಗಳು ಈಗ ಕಸ. ಇನ್ನು ಚುನಾವಣೆ ಬರುತ್ತದೆ, ಇನ್ನಷ್ಟು ಫ್ಲೆಕ್ಸ್ ಬೀಳುತ್ತದೆ. ಅದನ್ನು ತೊಳೆದು, ಹೊಲಿದು, ಮೋಟರ್‌ಸೈಕಲ್ಲುಗಳಿಗೆ ಮಳೆಗಾಲದ ಹೊದಿಕೆ ಮಾಡುವುದು. ವೆರ್ಣಾದ ಕಾರ್ಖಾನೆಗಳ ಮುಂದೆ ನೂರಾರು ಗಾಡಿಗಳು ಪಾಳಿ ಮುಗಿಯುವವರೆಗೆ ಮಳೆಯಲ್ಲೇ ನಿಂತಿರುತ್ತವಲ್ಲ, ಅವಕ್ಕೆ. ಎರಡು ಹೊಲಿಗೆ ಮಷೀನು ಬೇಕು, ದಪ್ಪ ದಾರ ಬೇಕು. ವಿದ್ಯಾರ್ಥಿಗಳು ಹೊರಗಿನಿಂದ ಎಷ್ಟು ಬಂಡವಾಳ ತರುತ್ತಾರೋ ಅಷ್ಟೇ ಹಣವನ್ನು ಕಾಲೇಜು ತಾನೂ ಕೊಡುತ್ತದೆ. ಆದರೆ ಅಪ್ಪ ಅಮ್ಮಂದಿರ ಹಣ ನಡೆಯುವುದಿಲ್ಲ. ಹೊರಗಿನವರು ನಂಬಿ ಕೊಟ್ಟದ್ದೇ ಆಗಬೇಕು.

ಯಲ್ಲವ್ವ ಅಕ್ಕಿ ಆರಿಸುವುದನ್ನು ನಿಲ್ಲಿಸಿದಳು. "ನಾವು ಹತ್ತ ಸಾವಿರ ಕೊಟ್ರ, ಕಾಲೇಜಿನವರು ಹತ್ತ ಸಾವಿರ ಸುಮ್ಮನ ಕೊಡ್ತಾರ?"

"ಹೂಂ."

"ಯಾಕ?"

"ನಾವು ಕಲೀಲಿ ಅಂತ."

"ಕಲೀಲಿ ಅಂತ ಫೀ ಇಸ್ಕೊಳ್ಳೋರು ಅವರು. ಅವರು ಯಾಕ ರೊಕ್ಕ ಕೊಡ್ತಾರ?" ಎಂದಳು ಯಲ್ಲವ್ವ. ಅಂದಿನಿಂದ ಬಸ್ಸಿನಲ್ಲಿ ನನಗೆ ಇದೇ ಮಾತು. ಕಾಲೇಜಿಗೆ ಏನು ಲಾಭ? ಅಪ್ಪಂದಿರ ಹಣ ಯಾಕೆ ಬೇಡ? ಮನೆಯವರ ಹಣವಾದರೆ ಮನೆಯವರು ಬಂದು ಕೇಳುತ್ತಾರೆ, ಹೊರಗಿನವರದಾದರೆ ಯಾರು ಕೇಳಬೇಕು ಎಂದೇ? ನನಗೂ ಅದು ವಿಚಿತ್ರವೆಂದೇ ಕಾಣಿಸಿತು.

ಒಂದು ದಿನ ರಜೆ ಹಾಕಿ ಅವಳು ಯಾರಿಗೂ ಹೇಳದೆ ಮಡಗಾಂವದ ಬಸ್ಸು ಹತ್ತಿದಳು. ಭಿಶಿ ಪುಸ್ತಕದಲ್ಲಿ ಶ್ವೇತಾ ಇಂಗ್ಲಿಷಿನಲ್ಲಿ ಸಹಿ ಮಾಡಿದ್ದ ಹಾಳೆಯೊಂದನ್ನು ಮಡಚಿ ಕುಪ್ಪಸದಲ್ಲಿ ಇಟ್ಟುಕೊಂಡಿದ್ದಳು. ಕಾಲೇಜಿನ ಗೇಟಿನಲ್ಲಿ ಜವಾನ ಚಾಂದಸಾಬ ಸಿಕ್ಕ. ವಿಜಾಪುರದ ಕಡೆಯವನು, ಮಾತು ಕೇಳಿಯೇ ಗುರುತು ಹಿಡಿದು ಬೆಂಚಿನ ಮೇಲೆ ಕೂರಿಸಿದ.

"ಇಲ್ಲಿ ಹುಡುಗ್ರಿಗೆ ಧಂದೆ ಮಾಡಾಕ ರೊಕ್ಕ ಕೊಡೂದು ಖರೇನ್ರಿ?" ಎಂದು ಕೇಳಿದಳು.

"ಖರೇ ಐತಿ. ಹಳೇ ವಿದ್ಯಾರ್ಥಿಗಳು ಯಾರೋ ಇಟ್ಟಾರ ಆ ರೊಕ್ಕ."

"ಹೋದ ವರ್ಷ ತಗೊಂಡವರು ಈಗೇನ ಮಾಡಾಕತ್ತಾರ?"

ಚಾಂದಸಾಬ ತಲೆ ಕೆರೆದುಕೊಂಡ. "ಗೋಡಂಬಿ ಚಿಕ್ಕಿ ಮಾರ್ತಿದ್ರವ್ವ. ನಾಕ ತಿಂಗಳಿಗೆ ಮುಚ್ಚಿದ್ರು."

"ಕೊಟ್ಟವರ ರೊಕ್ಕ?"

"ಮುಳುಗಿದ್ದು ಮುಳುಗೇ ಹೋತು."

ಅದನ್ನು ಕೇಳಿಯೂ ಅವಳು ಎದ್ದು ಬರಲಿಲ್ಲ. ಈ ವ್ಯವಹಾರ ನೋಡಿಕೊಳ್ಳುವ ಪ್ರಾಧ್ಯಾಪಕರ ಕೋಣೆಗೆ ಹೋಗಿ, ಅರ್ಧ ಕೊಂಕಣಿ ಅರ್ಧ ಹಿಂದಿಯಲ್ಲಿ, ಹಣ ಕೊಡುವವರು ನಾವು, ಕಾಗದ ತೋರಿಸಿ ಎಂದಳು. ಅವರಿಗೆ ಆಶ್ಚರ್ಯವಾದರೂ ಫೈಲು ತೆಗೆದು ಮುಂದಿಟ್ಟರು. ಇದುವರೆಗೆ ಯಾರೂ ಹೀಗೆ ಬಂದು ಕೇಳಿರಲಿಲ್ಲವಂತೆ. ಅರ್ಜಿಯಲ್ಲಿ ಮೂರು ಹೆಸರು, ಮೂರು ಸಹಿ ಇದ್ದವು. ಯಲ್ಲವ್ವನಿಗೆ ಇಂಗ್ಲಿಷು ಓದಲು ಬಾರದು. ಕುಪ್ಪಸದ ಹಾಳೆ ಬಿಚ್ಚಿ, ಆ ಸಹಿಗಳ ಪಕ್ಕದಲ್ಲಿ ಹಿಡಿದು, ಒಂದೊಂದೇ ಅಕ್ಷರ ಕೂಡಿಸಿ ನೋಡಿದಳು. ಮೂರರಲ್ಲಿ ಒಂದೂ ಕೂಡಲಿಲ್ಲ.

"ಶ್ವೇತಾ?" ಎಂದು ಕೇಳಿದಳು. ಪ್ರಾಧ್ಯಾಪಕರು ಪಟ್ಟಿ ನೋಡಿ ಇಲ್ಲವೆಂದು ತಲೆಯಾಡಿಸಿದರು. ಧಂದೆಯ ಪಾಲುದಾರರು ಮೂವರೇ, ಆ ಹೆಸರಿನವರು ಇಲ್ಲ.

ಅಂಗಳಕ್ಕೆ ಬಂದಾಗ ಎದುರಿಗೆ ಪ್ರಾಚಿ ಸಿಕ್ಕಳು. ಅರ್ಜಿಯ ಮೂವರಲ್ಲಿ ಒಬ್ಬಳು, ಧಾರವಾಡದಿಂದ ಬಂದು ಮಡಗಾಂವದಲ್ಲಿ ನೆಲೆಸಿದ ಕಚೇರಿ ನೌಕರ ರಘೋತ್ತಮರ ಮಗಳು. ಒಮ್ಮೆ ಶ್ವೇತಾಳ ಜೊತೆ ವಸ್ತಿಗೆ ಬಂದಿದ್ದರಿಂದ ಯಲ್ಲವ್ವನಿಗೆ ಮುಖ ಗೊತ್ತಿತ್ತು.

"ಏನವ್ವಾ, ನಮ್ಮ ಹುಡುಗಿ ಹೆಸರು ಎಲ್ಲಿ ಹೋತು?" ಎಂದು ನೇರವಾಗಿಯೇ ಕೇಳಿದಳು.

ಪ್ರಾಚಿಯ ಮುಖ ಕೆಂಪಾಯಿತು. "ಅದು... ಶ್ವೇತಾನ್ನೇ ಕೇಳ್ರಿ."

"ನಿನ್ನ ಕೇಳಾಕತ್ತೇನಿ."

"ನಾ ಹೇಳ್ಲಿಕ್ಕೆ ಬರೂದಿಲ್ರಿ," ಎಂದು ಪ್ರಾಚಿ ತಲೆ ತಗ್ಗಿಸಿ ನಿಂತಳು.

ಯಲ್ಲವ್ವನಿಗೆ ಎಲ್ಲವೂ ಸ್ಪಷ್ಟವಾದಂತಾಯಿತು. ಹಣ ಎತ್ತುವುದಕ್ಕೆ ನಮ್ಮ ಹುಡುಗಿ, ಒಡೆತನಕ್ಕೆ ಅವರು. ವಸ್ತಿಯವರು ಶ್ವೇತಾಳ ಮುಖ ನೋಡಿ ಕೊಡುತ್ತಾರೆ. ಮುಳುಗಿದರೆ ಶ್ವೇತಾಳ ಮನೆ ಮುಂದೆ ಹೆಂಗಸರು ನಿಲ್ಲುತ್ತಾರೆ. ಕಾಗದದಲ್ಲಿ ಅವಳೇ ಇಲ್ಲ. ಮರಳುವ ಬಸ್ಸಿನಲ್ಲಿ ಅವಳಿಗೆ ಕೂರಲು ಸೀಟು ಸಿಕ್ಕರೂ ಕಂಬ ಹಿಡಿದು ನಿಂತೇ ಬಂದಳಂತೆ.

ಸಂಜೆ ನಲ್ಲಿಯ ಹತ್ತಿರ ಶ್ವೇತಾಳನ್ನು ಹಿಡಿದಳು. ಕೊಡ ತುಂಬುತ್ತಿರುವಾಗಲೇ, "ಆ ಪ್ರಾಚಿ ನಿನಗ ಮೋಸ ಮಾಡಾಕತ್ತಾಳ. ಅರ್ಜಿ ಕಾಗದದಾಗ ನಿನ್ನ ಹೆಸರ ಇಲ್ಲ. ನಾ ಕಣ್ಣಾರೆ ನೋಡಿ ಬಂದೇನಿ" ಎಂದಳು.

ಶ್ವೇತಾ ನಲ್ಲಿ ತಿರುಗಿಸಿ ನೀರು ನಿಲ್ಲಿಸಿದಳು. "ಕಾಲೇಜಿಗೆ ಹೋಗಿದ್ಯಾ?"

"ಹೋಗಿದ್ದೆ."

"ಆಕಿ ತಗದಿಲ್ಲ ಚಿಗವ್ವ. ನಾನ ತಗಿ ಅಂದೆ. ಯಾರಿಗೂ ಹೇಳಬ್ಯಾಡ ಅಂತ ಆಣಿ ಹಾಕ್ಸಿದ್ದೆ."

ಅರ್ಜಿಯ ಜೊತೆ ಪಂಚಾಯಿತಿಯ ವಾಸದ ದಾಖಲೆ ಲಗತ್ತಿಸಬೇಕಿತ್ತು. ಇವರ ಸಾಲಿನ ಮನೆಗಳಿಗೆ ನಂಬರಿಲ್ಲ. ಹಿಂದಿನ ವರ್ಷ ಪಂಚಾಯಿತಿಯವರು ಬಾಗಿಲುಗಳಿಗೆ ಮನೆ ತೆರವಿನ ನೋಟೀಸು ಅಂಟಿಸಿ, ಗೋಡೆಗಳ ಮೇಲೆ ಹಳದಿ ಬಣ್ಣದ ಗುರುತು ಹಾಕಿ ಹೋಗಿದ್ದರು. ಆಮೇಲೆ ಯಾರೂ ಬಂದಿರಲಿಲ್ಲ. ಮರೆತಿದ್ದಾರೆ ಎಂದುಕೊಂಡು ಎಲ್ಲರೂ ಉಸಿರು ಹಿಡಿದು ಬದುಕುತ್ತಿದ್ದರು.

"ನಾ ಹೋಗಿ ಪಂಚಾಯ್ತ್ಯಾಗ ದಾಖಲೆ ಕೇಳಿದ್ರ ಅವರು ಫೈಲ ತಗೀತಾರ. ನನ್ನ ಒಬ್ಬಾಕಿ ಹೆಸರಿನ ಸಂಬಂಧ ಸಾಲಿಗೆ ಸಾಲಽ ಜೆಸಿಬಿ ಬಂದ್ರ ಏನ ಮಾಡ್ಲಿ?" ಎಂದಳು ಶ್ವೇತಾ. ಅಳಲಿಲ್ಲ. ಕೊಡ ಎತ್ತಿ ಸೊಂಟಕ್ಕಿಟ್ಟುಕೊಂಡು ನಡೆದಳು.

ಯಲ್ಲವ್ವ ಮರುದಿನ ಬಸ್ಸಿನಲ್ಲಿ ಇದನ್ನು ಹೇಳುವಾಗ ಹಿಂದಕ್ಕೆ ತಿರುಗಲಿಲ್ಲ. ಕಿಟಕಿಯ ಕಡೆ ನೋಡುತ್ತಲೇ ಹೇಳಿದಳು. ಜಗತ್ತಿನ ಮೇಲೆಲ್ಲ ಸಂಶಯಪಟ್ಟವಳಿಗೆ, ಪಕ್ಕದ ಮನೆಯ ಹುಡುಗಿ ಇಂಥದ್ದೊಂದನ್ನು ಒಬ್ಬಳೇ ಹೊತ್ತಿರಬಹುದು ಎಂಬ ಸಂಶಯ ಬಂದಿರಲಿಲ್ಲ.

ಅಷ್ಟರಲ್ಲಿ ಇನ್ನೊಂದು ಕಡೆಯಿಂದ ಸಂಶಯ ಎದ್ದಿತ್ತು. ಕಾಲೇಜು ಸುಮ್ಮನೆ ಕೊಡುವ ಹಣವಾದರೂ ಲೆಕ್ಕ ಒಪ್ಪಿಸದಿದ್ದರೆ ತಿರುಗಿ ಕಟ್ಟಬೇಕು; ಆ ಅರ್ಧಕ್ಕೆ ಪ್ರಾಚಿಯ ತಂದೆ ರಘೋತ್ತಮರು ಜಾಮೀನು ಸಹಿ ಹಾಕಬೇಕಿತ್ತು. ಉಳಿದರ್ಧ ಯಾವುದೋ ಗುಡ್ಡದ ವಸ್ತಿಯಿಂದ ಬರುತ್ತದೆ ಎಂದು ಕೇಳಿ ಅವರು ಪೆನ್ನು ಕೆಳಗಿಟ್ಟರು. ಕೂಲಿಯವರ ಹತ್ತಿರ ಹತ್ತು ಸಾವಿರ ಒಟ್ಟಿಗೆ ಎಲ್ಲಿಂದ? ಮಟಕಾ ಹಣವೇ? ನಾಳೆ ಪೊಲೀಸರು ಬಂದರೆ ಸಹಿ ತಮ್ಮದು. ಭಾನುವಾರ ಬೆಳಿಗ್ಗೆ ಮಗಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ವಸ್ತಿಗೇ ಬಂದರು.

ಯಲ್ಲವ್ವನ ಒಂದೇ ಒಂದು ಕುರ್ಚಿಯಲ್ಲಿ ಅವರು ಕೂತರು. ಭಿಶಿಯ ಏಳೆಂಟು ಹೆಂಗಸರು ಬಾಗಿಲಲ್ಲಿ ನಿಂತರು. ಸಕೀನಾ ಚಹಾ ತಂದಳು. ರಘೋತ್ತಮರು ಕೈ ಅಡ್ಡ ಹಿಡಿದು, "ಬ್ಯಾಡ್ರಿ, ಇವತ್ತ ಏಕಾದಶಿ" ಎಂದರು.

ಯಲ್ಲವ್ವ ಗೋಡೆಯ ಕ್ಯಾಲೆಂಡರಿನ ಕಡೆ ಕತ್ತು ತಿರುಗಿಸಿದಳು. "ಏಕಾದಶಿ ನಿನ್ನೆ ಆತಲ್ರಿ."

ಪ್ರಾಚಿ ನೆಲ ನೋಡಿದಳು. ರಘೋತ್ತಮರು ಲೋಟ ತೆಗೆದುಕೊಂಡು ಒಂದು ಗುಟುಕು ಕುಡಿದರು. ಆಮೇಲೆ ಇನ್ನೊಂದು.

"ನೋಡ್ರಿ, ತಪ್ಪ ತಿಳ್ಕೋಬ್ಯಾಡ್ರಿ," ಎಂದರು. "ಈ ಹಣ ಎಲ್ಲಿಂದ ಬರ್ತದ ಅಂತ ನನಗ ಗೊತ್ತಾಗಬೇಕು."

ಯಲ್ಲವ್ವ ಪೆಟ್ಟಿಗೆ ತೆರೆದು ತನ್ನ ಮೂರು ವರ್ಷದ ಪಗಾರದ ಚೀಟಿಗಳ ಕಟ್ಟು ತೆಗೆದು ಅವರ ತೊಡೆಯ ಮೇಲಿಟ್ಟಳು. ಭಿಶಿಯ ಪುಸ್ತಕ ಇಟ್ಟಳು. ಅವರು ಕನ್ನಡಕ ಹಾಕಿಕೊಂಡು ಪುಟ ತಿರುವಿದರು. ಶ್ವೇತಾಳ ದುಂಡು ಅಕ್ಷರ, ಒಂದು ಗೀಚೂ ಇಲ್ಲ. ಅವರು ಮುಗಿಸುವವರೆಗೆ ಕಾದು ಯಲ್ಲವ್ವ ಕೇಳಿದಳು, "ಇನ್ನ ನಿಮ್ದು ತೋರಸ್ರಿ."

"ನಂದೇನು?"

"ಪಗಾರ ಚೀಟಿ. ಜಾಮೀನಾಗಿ ನಿಂದ್ರೋರು ನೀವು. ನಾಳೆ ಲೆಕ್ಕ ತಪ್ಪಿದ್ರ ಕಾಲೇಜಿನವರು ನಿಮ್ಮನ್ನ ಹಿಡೀತಾರ, ನೀವು ನಮ್ಮನ್ನ ಹಿಡೀತೀರಿ. ನಿಮಗ ಕೊಡೂ ತಾಕತ್ತ ಐತೋ ಇಲ್ಲೋ ನಮಗ್ಹೆಂಗ ತಿಳೀಬೇಕು?"

ರಘೋತ್ತಮರ ಹುಬ್ಬು ಮೇಲೇರಿತು. ಆದರೆ ಅವರೂ ಜೀವನಪೂರ್ತಿ ಕಾಗದಪತ್ರ ನೋಡಿದ ಮನುಷ್ಯ. ಪ್ರಶ್ನೆ ಸರಿಯಾಗಿದೆ ಎಂದು ಅವರು ಒಪ್ಪಿಕೊಳ್ಳಲೇಬೇಕಾಯಿತು. "ಈಗ ತಂದಿಲ್ಲ. ಮುಂದಿನ ರವಿವಾರ ತರ್ತೀನಿ" ಎಂದರು. ತಂದರು ಕೂಡ.

ಆ ಎರಡನೆಯ ಭಾನುವಾರ ಕರಾರು ಬರೆದದ್ದು. ಯಲ್ಲವ್ವ ಕನ್ನಡದಲ್ಲಿಯೇ ಬರೆಯಬೇಕೆಂದು ಹಟ ಹಿಡಿದಳು. ರಘೋತ್ತಮರು ಛಾಪಾ ಕಾಗದ ತಂದು ತಮ್ಮ ಕೈಯಾರೆ ಬರೆದರು. ಇಪ್ಪತ್ತು ಹೆಂಗಸರ ಹಣ; ದೀಪಾವಳಿಯ ಒಳಗೆ ತಿರುಗಿ ಕೊಡಬೇಕು; ಹೊಲಿಗೆಯ ಕೆಲಸ ವಸ್ತಿಯ ಹೆಂಗಸರಿಗೇ ಕೊಡಬೇಕು; ಧಂದೆಯಲ್ಲಿ ಶ್ವೇತಾ ಸಮಪಾಲುದಾರಳು. ಅರ್ಜಿಯ ಮಾತು ಬಂದಾಗ ರಘೋತ್ತಮರು ತಮ್ಮ ಫ್ಲ್ಯಾಟಿನ ವಿಳಾಸವನ್ನೇ ಶ್ವೇತಾಳಿಗೂ ಹಾಕಬಹುದು ಎಂದರು.

ಯಲ್ಲವ್ವನ ಕಣ್ಣು ಸಣ್ಣಗಾಯಿತು. ಇಷ್ಟು ಹೊತ್ತು ಒಂದೊಂದು ಸಾಲಿಗೂ ಜಗ್ಗಾಡಿದ ಮನುಷ್ಯ ಈಗ ಮನೆಯ ವಿಳಾಸವನ್ನೇ ಯಾಕೆ ಕೊಡುತ್ತಾನೆ? ಅವಳು ಏನಾದರೂ ಹೇಳುವ ಮೊದಲೇ ಶ್ವೇತಾ ಹೇಳಿದಳು, "ಬ್ಯಾಡ್ರಿ ಕಾಕಾ. ನಾ ಅಲ್ಲಿ ಇರಂಗಿಲ್ಲ. ಇರಲಾರದ ಮನಿ ನಂದು ಅಂತ ಬರ್ಯಾಂಗಿಲ್ಲ."

ಹಾಗಾಗಿ ಕಾಲೇಜಿನ ಅರ್ಜಿಯಲ್ಲಿ ಅವಳ ಹೆಸರು ಆ ವರ್ಷ ಸೇರಲೇ ಇಲ್ಲ. ಕರಾರಿನ ಕಾಗದ ಯಲ್ಲವ್ವನ ಪೆಟ್ಟಿಗೆಯಲ್ಲಿ ಉಳಿಯಿತು.

ಹಣ ಬಂತು, ಎರಡು ಹಳೆಯ ಮಷೀನು ಬಂದವು, ಚುನಾವಣೆಯೂ ಮುಗಿದು ಫ್ಲೆಕ್ಸಿನ ಗುಡ್ಡೆ ಬಿತ್ತು. ಸಕೀನಾಳ ಮನೆಯ ಮುಂದಿನ ತಗಡಿನ ಚಪ್ಪರದಲ್ಲಿ ಹೊಲಿಗೆ ಶುರುವಾಯಿತು. ಜೂನ್ ಮೊದಲ ವಾರ ಅರವತ್ತು ಹೊದಿಕೆಗಳು ಮಾರಾಟವಾದವು. ಎರಡನೆಯ ವಾರ ಅವುಗಳಲ್ಲಿ ಮೂವತ್ತಕ್ಕೂ ಹೆಚ್ಚು ಹಿಂದೆ ಬಂದವು. ಸೂಜಿ ಚುಚ್ಚಿದ ತೂತುಗಳಿಂದ ನೀರು ಸೋರಿ ಸೀಟು, ಪೆಟ್ರೋಲ್ ಟ್ಯಾಂಕು ಎಲ್ಲ ತೊಯ್ದಿದ್ದವು. ನಮ್ಮ ಕಾರ್ಖಾನೆಯ ಹುಡುಗರು ಬಸ್ಸಿನ ಬಾಗಿಲಲ್ಲಿ ನಿಂತು ಯಲ್ಲವ್ವನಿಗೆ, "ಮೋಸದ ಮಾಲ ಕೊಟ್ರಿ" ಎಂದು ಬಾಯಿ ಮಾಡಿದರು. ಮೋಸ ಎಂಬ ಶಬ್ದವನ್ನು ಅವಳ ಮೇಲೆ ಯಾರಾದರೂ ಹಾಕಿದ್ದು ಅದೇ ಮೊದಲು. ಅವಳು ಹಿಂದೆ ಬಂದ ಹೊದಿಕೆಗಳನ್ನು ಮಡಚಿ ಕಾಲ ಬುಡದಲ್ಲಿ ಪೇರಿಸಿಕೊಂಡಳು.

ಆ ಸಂಜೆ ಪ್ರಾಚಿ ಬರುವುದಿಲ್ಲ ಎಂದು ಯಲ್ಲವ್ವನಿಗೆ ಖಾತ್ರಿಯಿತ್ತು. ಇಂಥ ಹೊತ್ತಿನಲ್ಲೇ ಜನ ಮಾಯವಾಗುವುದು. ಆದರೆ ಪ್ರಾಚಿ ಉಳಿದ ಇಬ್ಬರು ಸಹಪಾಠಿಗಳನ್ನೂ ಕರೆದುಕೊಂಡು ಮಳೆಯಲ್ಲಿ ತೊಯ್ದೇ ಬಂದಳು. ಶ್ವೇತಾ, ಸಕೀನಾ ಸೇರಿ ಐವರೂ ಕೂತು ಹೊಲಿಗೆ ಬಿಚ್ಚಿದರು. ಅಂಚನ್ನು ಎರಡು ಪದರು ಮಡಚಿ ಹೊಲಿದು, ಮೇಲೆ ಪಂಕ್ಚರ್ ಅಂಗಡಿಯ ಸಲ್ಯೂಷನ್ ಅಂಟು ಬಳಿದರೆ ಹೇಗೆ ಎಂದವಳು ಸಕೀನಾ. ಒಂದನ್ನು ಹಾಗೆ ಮಾಡಿದರು. ಯಲ್ಲವ್ವ ಅದನ್ನು ನಾಲ್ಕು ಮೂಲೆಯಲ್ಲಿ ಹಿಡಿಸಿ, ಒಂದು ಕೊಡ ನೀರು ಸುರಿದು, ಕೆಳಗೆ ಕೂತು ಮೇಲೆ ನೋಡುತ್ತಿದ್ದಳು. ಬಹಳ ಹೊತ್ತು ನೋಡಿದಳು. ಒಂದು ಹನಿಯೂ ಬೀಳಲಿಲ್ಲ.

"ಮತ್ತೊಂದ ಕೊಡ ತರ್ರಿ," ಎಂದಳು.

ಅಂದಿನಿಂದ ಅವಳ ಕೊಡದ ಕೆಳಗೆ ಹಾಯದ ಹೊದಿಕೆ ಹೊರಗೆ ಹೋಗಲಿಲ್ಲ. ಸೋರಿದವನ್ನು ಪುಕ್ಕಟೆಯಾಗಿ ಬದಲಿಸಿ ಕೊಟ್ಟರು. ನಾನೂ ಒಂದು ಕೊಂಡೆ. ನನ್ನ ಕಣ್ಣ ಮುಂದೆ ನೀರು ಸುರಿದು ತೋರಿಸಿದ ಮೇಲೆಯೇ ಹಣ ಮುಟ್ಟಿದಳು. ಆಗಸ್ಟ್ ಹೊತ್ತಿಗೆ ವೆರ್ಣಾದ ಗಾಡಿ ನಿಲ್ಲಿಸುವ ಜಾಗಗಳಲ್ಲಿ ಯಾರ್ಯಾರದೋ ಅರ್ಧ ಮುಖ, ಮುಗಿದ ಕೈಗಳು, ಕಾರ್ನಿವಾಲಿನ ಬಣ್ಣದ ಟೋಪಿಗಳು ಮೋಟರ್‌ಸೈಕಲ್ಲುಗಳ ಮೇಲೆ ಮಳೆ ತಡೆಯುತ್ತ ನಿಂತಿದ್ದವು.

ಭಿಶಿಯ ಹಣ ಚೌತಿ ಕಳೆದ ತಿಂಗಳೇ ತಿರುಗಿ ಬಂತು. ಕರಾರಿನಲ್ಲಿದ್ದುದಕ್ಕಿಂತ ಒಂದಿಷ್ಟು ಹೆಚ್ಚೇ ಇತ್ತು. "ಹೆಚ್ಚಿಗಿ ಯಾಕ?" ಎಂದು ಯಲ್ಲವ್ವ ಅದನ್ನು ಬೇರೆ ಇಟ್ಟು ಹದಿನೈದು ದಿನ ಮುಟ್ಟಲಿಲ್ಲ. ಲಾಭದ ಪಾಲು ಎಂದು ರಘೋತ್ತಮರು ಚೀಟಿ ಬರೆದು ಕಳಿಸಿದ ಮೇಲೆ ಹೆಂಗಸರಿಗೆ ಹಂಚಿದಳು. ಹಿಂದೆ ಅವಳ ಮಾತು ಕೇಳಿ ಕಳೆದುಕೊಂಡಿದ್ದ ಹನ್ನೊಂದು ಜನರಲ್ಲಿ ಏಳು ಮಂದಿ ಈ ಭಿಶಿಯಲ್ಲೂ ಇದ್ದರು. ಅವರ ಕೈಗೆ ಹಣ ಇಡುವಾಗ ಅವಳು ಅವರ ಮುಖ ನೋಡಲಿಲ್ಲ ಎಂದು ಸಕೀನಾ ಹೇಳಿದಳು.

ಪ್ರಾಚಿ ಮತ್ತು ಉಳಿದಿಬ್ಬರು ಓದು ಮುಗಿದ ಮೇಲೆ ಬೇರೆ ದಾರಿ ಹಿಡಿದರು. ಮಷೀನು ಸಕೀನಾಳಿಗೆ ಉಳಿದವು, ಮಳೆಗಾಲಕ್ಕೆ ಈಗಲೂ ಹೊದಿಕೆ ಹೊಲಿಯುತ್ತಾಳೆ. ಗುಡ್ಡದ ವಸ್ತಿಯ ಕೊನೆಯ ಎರಡು ಮನೆಗಳನ್ನು 2011ರಲ್ಲಿ ಕೆಡವಿದರು. ಉಳಿದ ಸಾಲು ನಿಂತಿದೆ, ಹಳದಿ ಗುರುತು ಮಾಸಿದೆ, ನಂಬರು ಬಂದಿಲ್ಲ. ಯಲ್ಲವ್ವ ಮಂಡಿನೋವು ಹೆಚ್ಚಾಗಿ ಈ ವರ್ಷ ಕಾರ್ಖಾನೆ ಬಿಟ್ಟಳು. ಅವಳ ಸೀಟಿನಲ್ಲಿ ಈಗ ಶ್ವೇತಾ ಕೂರುತ್ತಾಳೆ. ನಮ್ಮಲ್ಲೇ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಸಿಕ್ಕಿದೆ. ಕಾಯಂ ವಿಳಾಸದ ಜಾಗದಲ್ಲಿ ಹುನಗುಂದದ ಅಜ್ಜಿಯ ಮನೆ ಬರೆದಿದ್ದಾಳೆ.

ಹೋದ ತಿಂಗಳು ಅವಳಿಗೆ ಇಳಕಲ್ಲಿನಿಂದ ಒಂದು ಸಂಬಂಧ ಬಂದಿತ್ತು. ಹುಡುಗ ಶಾಲೆಯ ಮಾಸ್ತರ. ಕಂಠೆಪ್ಪ ಮಾತು ಕೊಟ್ಟೇಬಿಡುವವನಿದ್ದ. ಯಲ್ಲವ್ವ ಒಂದು ವಾರ ಕಾಣೆಯಾದಳು. ಮಂಡಿಗೆ ಎಣ್ಣೆ ಬಟ್ಟೆ ಸುತ್ತಿಕೊಂಡು, ಯಾರಿಗೂ ಹೇಳದೆ ಇಳಕಲ್ಲಿಗೆ ಹೋಗಿ, ಆ ಮನೆಯ ಎದುರಿನ ಅಂಗಡಿ ಕಟ್ಟೆಯ ಮೇಲೆ ಎರಡು ದಿನ ಕೂತು ಬಂದಿದ್ದಳು.

"ಬಂದು ಏನಂದ್ಲು?" ಎಂದು ನಾನು ಕೇಳಿದೆ.

ಶ್ವೇತಾ ನಕ್ಕಳು. "ಹುಡುಗ ಚಲೋ ಅದಾನ, ಮನಿ ಚಲೋ ಐತಿ, ಕುಡಿಯಂಗಿಲ್ಲ ಅಂದ್ಲು. ಆದ್ರ ಅವರ ಮನಿ ನಾಯಿ, ಆ ಹುಡುಗ ಹೊರಗ ಬಂದ್ರ ಸಾಕು, ಬಾಲ ಮುದುರಿ ಗಾಡಿ ಬುಡಕ ಹೋಗಿ ಕುಂದರತೈತಂತ. ಎರಡೂ ದಿನ ಹಂಗಽ ಮಾಡ್ತಂತ."

ಬಸ್ಸು ವೆರ್ಣಾದ ಏರು ಹತ್ತುತ್ತಿತ್ತು. ಶ್ವೇತಾಳ ನಗು ನಿಧಾನವಾಗಿ ಇಳಿಯಿತು.

"ಅಪ್ಪಗ ಹೇಳಿ ಬಿಟ್ಟೇನ್ರಿ," ಎಂದಳು. "ಬ್ಯಾಡ ಅಂತ."